ಮೇಗುತಿ ಏರಿದ ಪೈಲ್ವಾನ

ಐಹೊಳೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಪ್ರತಿಸಲ ಮೇಗುತಿ ಗುಡಿಯ ಗೋಡೆಯ ಮೇಲಿನ ರವಿಕೀರ್ತಿಯ ಶಾಸನದ ಮುಂದೆ ಮೈಮರೆತು ನಿಲ್ಲುವವನು ನಾನು. ಈ ಜನವರಿಯಲ್ಲಿ ಮಾತ್ರ ಶಾಸನದ ಕಡೆ ಗಮನವೇ ಹೋಗಲಿಲ್ಲ. ಮೇಗುತಿ ಗುಡ್ಡದ ಮೆಟ್ಟಿಲೇರುತ್ತಿದ್ದ ಸೋದರಮಾವನ ಬೆನ್ನನ್ನೇ ನೋಡುತ್ತಿದ್ದೆ.

ಮಾಮಾಗೆ ಈಗ ಅರವತ್ತೊಂದು. ಹುನಗುಂದ ಸೀಮೆಯ ಗರಡಿಮನೆಯಲ್ಲಿ ಬೆಳೆದ ಮೈ. ಹರೆಯದಲ್ಲಿ ಕಾರಹುಣ್ಣಿಮೆಗೆ ಕ್ವಿಂಟಲ್ ಜೋಳದ ಚೀಲ ಹೆಗಲಿಗೇರಿಸಿಕೊಂಡು ನಡೆದವರು. ಹದಿನಾಲ್ಕು ತಿಂಗಳ ಹಿಂದೆ ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ, ಕರುಳಿನ ತುದಿಯನ್ನು ಹೊಟ್ಟೆಯ ಎಡಮಗ್ಗುಲಲ್ಲಿ ಹೊರಗೆ ತಂದಿದ್ದಾರೆ. ವೈದ್ಯರ ಬಾಯಲ್ಲಿ ಅದು ಸ್ಟೋಮಾ, ಮಲ ಅಲ್ಲಿಂದ ಅಂಟಿಸಿದ ಚೀಲಕ್ಕೆ ಬೀಳುತ್ತದೆ. ನಮ್ಮ ಕಡೆ ‘ಹೊಟ್ಟಿಗೆ ಚೀಲ ಹಾಕ್ಯಾರ’ ಎಂದು ದನಿ ತಗ್ಗಿಸಿ ಹೇಳುತ್ತಾರೆ, ಮುಂದೆ ಯಾರೂ ಏನೂ ಕೇಳುವುದಿಲ್ಲ.

ಮನೆಗೆ ಕಳಿಸುವಾಗ ಅವರಿಗೆ ಸಿಕ್ಕಿದ್ದು ಒಂದೇ ಮಾತು: ಭಾರ ಎತ್ತಬೇಡಿ. ಎಷ್ಟು ದಿನ? ಎಷ್ಟು ಭಾರ? ಅದರ ಬದಲು ಏನು ಮಾಡಬೇಕು? ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪೈಲ್ವಾನರ ಕಿವಿಗೆ ಅದು ‘ಇನ್ನು ಮೈ ಅಲುಗಿಸಬೇಡ’ ಎಂದು ಕೇಳಿಸಿತು. ಎಂಟು ತಿಂಗಳು ಕಟ್ಟೆ ಬಿಟ್ಟು ಏಳಲಿಲ್ಲ. ತೊಡೆ ಸೊರಗಿತು, ಹೊಟ್ಟೆ ಜೋತುಬಿತ್ತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಆ ಮಾತಿನ ಅರ್ಥ ಅದಾಗಿರಲೇ ಇಲ್ಲ.

ಅರ್ಥ ತಿಳಿಯಬೇಕಾದರೆ ಪೈಲ್ವಾನರು ಎತ್ತುವ ಗುಂಡುಕಲ್ಲನ್ನು ನೋಡಬೇಕು. ನಮ್ಮೂರ ಹನುಮಪ್ಪನ ಗುಡಿಯ ಮುಂದೆಯೂ ಒಂದಿದೆ, ಎತ್ತಿ ಎತ್ತಿ ಎಣ್ಣೆ ಸವರಿದಂತೆ ನುಣುಪಾಗಿದೆ. ಅದನ್ನು ಎತ್ತುವವನು ಮೊದಲು ಕುಕ್ಕರಗಾಲಲ್ಲಿ ಕೂತು ತಬ್ಬಿಕೊಳ್ಳುತ್ತಾನೆ, ತೊಡೆಗೆ ತಂದುಕೊಳ್ಳುತ್ತಾನೆ, ಅಲ್ಲಿ ಉಸಿರು ಬಿಗಿಹಿಡಿದು ಎದೆಗೇರಿಸುತ್ತಾನೆ, ಆಮೇಲೆ ಹೆಗಲ ಮೇಲಿಂದ ಹಿಂದಕ್ಕೆ ಚೆಲ್ಲುತ್ತಾನೆ. ಎಲ್ಲ ಗುಟ್ಟೂ ಉಸಿರು ಹಿಡಿಯುವ ಆ ಗಳಿಗೆಯಲ್ಲಿದೆ. ಬಿಗಿದ ಉಸಿರಿನಿಂದ ಹೊಟ್ಟೆಯೊಳಗೆ ಒತ್ತಡ ಏರಿ ನಡುವನ್ನು ಕಂಬದಂತೆ ನಿಲ್ಲಿಸುತ್ತದೆ. ಸ್ಟೋಮಾ ಇದ್ದವರಲ್ಲಿ ಕರುಳು ಹೊರಬರಲು ಹೊಟ್ಟೆಯ ಸ್ನಾಯುವಿನಲ್ಲಿ ದಾರಿ ಮಾಡಿರುತ್ತಾರೆ. ಒತ್ತಡ ಆ ಸಡಿಲ ಜಾಗವನ್ನೇ ಹುಡುಕುತ್ತದೆ, ಪಕ್ಕದಲ್ಲಿ ಹರ್ನಿಯಾ ಉಬ್ಬಬಹುದು. ಕೆಮ್ಮುವಾಗ ಅಲ್ಲಿ ಅಂಗೈ ಒತ್ತಿಕೊಳ್ಳಿ ಎನ್ನುವುದೂ ಇದಕ್ಕೇ.

ಹಾಗಾಗಿ ಮೊದಲ 6ರಿಂದ 8 ವಾರ, ಕೆಲವರಿಗೆ 3 ತಿಂಗಳು, ಭಾರ ಬೇಡ. ನಡಿಗೆಯಾದರೋ ಆಸ್ಪತ್ರೆಯ ವಾರ್ಡಿನಲ್ಲೇ ಶುರುವಾಗಬೇಕು. ಆಮೇಲೆ ಮೊಣಕಾಲು ಮಡಚಿ ಮಲಗಿ, ಉಸಿರು ಬಿಡುತ್ತಾ ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆಯುವ ಅಭ್ಯಾಸ. ಶಸ್ತ್ರಚಿಕಿತ್ಸಕರು ಒಪ್ಪಿದ ಮೇಲೆ ಸೈಕಲ್ಲು, ಈಜು ಎಲ್ಲವೂ ಆಗುತ್ತದೆ. ಸಾಮು ಮಾಡಿದವರಿಗೆ ಇದು ಹೊಸದೇನಲ್ಲ. ಹೊಸ ಹುಡುಗನಿಗೆ ಯಾವ ಉಸ್ತಾದನೂ ಮೊದಲ ದಿನವೇ ಕಲ್ಲು ಎತ್ತಿಸುವುದಿಲ್ಲ. ಇಷ್ಟು ತಿಳಿಸಿ ಹೇಳಿದ ದಿನ ಮಾಮಾ ಕಟ್ಟೆಯಿಂದ ಎದ್ದರು.

ಸ್ಟೋಮಾದ ಚರಿತ್ರೆ ಹಳೆಯದು. 1793ರಲ್ಲಿ ಫ್ರಾನ್ಸಿನ ಡ್ಯೂರೆ, ಗುದದ್ವಾರವಿಲ್ಲದೆ ಹುಟ್ಟಿದ ಕೂಸಿಗೆ ಹೀಗೆ ದಾರಿ ಮಾಡಿದ. ಆ ಕೂಸು ನಡುವಯಸ್ಸಿನವರೆಗೆ ಬದುಕಿತು. ಅಂಟುವ ಚೀಲ 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸ್ ಸೊರೆನ್ಸನ್ ತನ್ನ ತಂಗಿಗಾಗಿ ಯೋಚಿಸಿದ್ದು. ನಾನು ಮಾಮಾಗೆ ಹೇಳಿದ್ದು ಮಾತ್ರ ರೋಲ್ಫ್ ಬೆನಿರ್ಶ್ಕೆಯ ಕಥೆ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಒದೆಯುವುದೇ ಅವನ ಕೆಲಸ. 1979ರಲ್ಲಿ ಕರುಳಿನ ಹುಣ್ಣಿನಿಂದ ಸಾವಿನಂಚಿಗೆ ಹೋದ, ಎರಡು ಶಸ್ತ್ರಚಿಕಿತ್ಸೆಯಾದವು. 1980ರಲ್ಲಿ ಹೊಟ್ಟೆಗೆ ಚೀಲ ಕಟ್ಟಿಕೊಂಡೇ ಸ್ಯಾನ್ ಡಿಯಾಗೋ ತಂಡಕ್ಕೆ ಮರಳಿದ. 1982ರ ಜನವರಿ 2ರಂದು ಮಯಾಮಿಯಲ್ಲಿ, ಹೆಚ್ಚುವರಿ ಆಟದಲ್ಲಿ, ಗೆಲುವಿನ ಒದೆತ ಅವನದೇ. “ಅವಂಗೂ ಚೀಲಾ?” ಎಂದು ಮಾಮಾ ಮೂರು ಸಲ ಕೇಳಿದ್ದರು.

ಗುಡ್ಡದ ನಡುವಿನ ಬೌದ್ಧ ಗುಡಿಯ ಹತ್ತಿರ ಬಿಸಿಲು ಚುರುಗುಟ್ಟಿತು. “ಸಾಕೇನ್ರಿ ಮಾಮಾ?” ಎಂದೆ. “ಸುಮ್ಮ ನಡಿಯೋ. ಉಸಿರು ಹಿಡಿದಿಲ್ಲ ನಾ, ಬಿಡಾಕತ್ತೀನಿ” ಎಂದರು. ಹೊರಡುವ ಮುಂಚೆ ಚೀಲ ಖಾಲಿ ಮಾಡಿಕೊಂಡಿದ್ದರು, ನಡುವಿಗೆ ಅಗಲ ಪಟ್ಟಿ ಕಟ್ಟಿದ್ದರು. ಪೈಲ್ವಾನರು ಎಣ್ಣೆ ತಿಕ್ಕುವುದನ್ನು ಬಿಡುವುದಿಲ್ಲ, ಆದರೆ ಈಗ ಹೊಟ್ಟೆಗೆ ಹಚ್ಚುವುದಿಲ್ಲ, ಹಚ್ಚಿದರೆ ಚೀಲದ ಅಂಟು ಹಿಡಿಯುವುದಿಲ್ಲ. ಸಣ್ಣ ಕರುಳಿಗೆ ಸ್ಟೋಮಾ ಆದವರಾಗಿದ್ದರೆ ಈ ಬಿಸಿಲಲ್ಲಿ ಇನ್ನೂ ಎಚ್ಚರ ಬೇಕಿತ್ತು. ಅವರ ಮೈಯಿಂದ ನೀರಿನ ಜೊತೆ ಉಪ್ಪೂ ಹೋಗುತ್ತದೆ, ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಬೇಕು.

ಕುಸ್ತಿ ಮಾತ್ರ ಮುಗಿಯಿತು. ಸ್ಟೋಮಾಕ್ಕೆ ನೋವು ತಿಳಿಯುವುದಿಲ್ಲ, ಪೆಟ್ಟು ಬಿದ್ದದ್ದೂ ಗೊತ್ತಾಗದು. ಇದನ್ನು ಮಾಮಾಗೆ ಹೇಳಿದ್ದು ನಾನೇ, ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. ಈಗ ಸಂಜೆ ಗರಡಿಗೆ ಹೋಗಿ ಹುಡುಗರ ಬಸ್ಕಿ ಎಣಿಸುತ್ತಾರೆ, ನಡುನಡುವೆ ತಾವೂ ಹತ್ತು ಹೊಡೆಯುತ್ತಾರೆ.

ಮೇಲೆ ತಲುಪಿದಾಗ ಶಾಸನದ ಗೋಡೆಗೆ ಹೋಗದೆ ಅಂಚಿನಲ್ಲಿ ನಿಂತು ಕೆಳಗಿನ ಗುಡಿಗಳನ್ನೂ ದೂರದ ಮಲಪ್ರಭೆಯನ್ನೂ ನೋಡಿದರು. ಅಂಗಿಯ ಮೇಲಿಂದಲೇ ಚೀಲ ಮುಟ್ಟಿ ನೋಡಿಕೊಂಡರು, ಅಂಟು ಬಿಟ್ಟಿರಲಿಲ್ಲ.

“ಬಾದಾಮಿ ಶಿವಾಲಯದ ಮೆಟ್ಲ ಇದಕ್ಕಿಂತ ಹೆಚ್ಚ ಅದಾವೇನು?”

“ಹೆಚ್ಚ ಅದಾವ್ರಿ.”

“ಹಂಗಾರ ಶಿವರಾತ್ರಿ ಆದಮ್ಯಾಗ ಹೋಗೂಣು” ಎಂದು ನೀರಿನ ಬಾಟ್ಲಿಗೆ ಕೈ ಚಾಚಿದರು.