ಟರ್ಬೊ ಟ್ರ್ಯಾಕ್ಟರ್ ಎಳೆಯದಿದ್ದರೆ ಮೊದಲು ಮಸಿ ಹುಡುಕಿ

ರಿಪೇರಿ ಆದ ಮಾರನೇ ದಿನವೇ ಟ್ರ್ಯಾಕ್ಟರ್ ಎಳೆಯೋದಿಲ್ಲ ಅಂದರೆ, ದೋಷ ಹೆಚ್ಚಾಗಿ ರಿಪೇರಿ ಮಾಡಿದ ಜಾಗದಲ್ಲೇ ಇರುತ್ತದೆ. ಪಂಪು, ನಾಜಲ್ ಬಿಚ್ಚೋದು ಆಮೇಲಿನ ಮಾತು.

ನನ್ನದು 55 ಎಚ್.ಪಿ.ಯ ನಾಲ್ಕು ಸಿಲಿಂಡರಿನ ಟರ್ಬೊ ಗಾಡಿ. ಇಂಜಿನ್ ಹೆಡ್ಡಿನಿಂದ ಟರ್ಬೊಗೆ ಹೊಗೆ ಒಯ್ಯುವ ಬೀಡಿನ ಮ್ಯಾನಿಫೋಲ್ಡ್ ಸೀಳಿತ್ತು. ಪೇಟೆಯಲ್ಲಿ ಹೊಸದು ಹಾಕಿಕೊಟ್ಟರು. ಹೊಲಕ್ಕಿಳಿಸಿದರೆ ಒಂಬತ್ತು ಹಲ್ಲಿನ ಕಲ್ಟಿವೇಟರ್ ಎಳೆಯಲಾರದೆ ಏದುಸಿರು ಬಿಡತೊಡಗಿತು. ಸೈಲೆನ್ಸರಿನಲ್ಲಿ ಕರಿ ಹೊಗೆ. ಪಂಪು ಇಳಿಸಬೇಕು, ಟರ್ಬೊನೂ ಹೋಗಿರಬಹುದು, ಒಂದು ವಾರ ಬೇಕು ಅಂದರು. ಶೇಂಗಾ ಬಿತ್ತನೆಯ ಹೊತ್ತು. ನಮ್ಮ ಕೆಂಪು ಮಣ್ಣಿನಲ್ಲಿ ಹದ ಮೂರ್ನಾಲ್ಕು ದಿನ ನಿಂತರೆ ಹೆಚ್ಚು. ವಾರ ಕಾಯೋದು ಹೇಗೆ?

ಟರ್ಬೊದ ಕೆಲಸ ಸರಳ. ಒಂದೇ ದಂಡಿಗೆ ಎರಡು ಚಕ್ರ. ಇಂಜಿನಿನ ಬಿಸಿ ಹೊಗೆ ಒಂದನ್ನು ತಿರುಗಿಸಿದರೆ, ಇನ್ನೊಂದು ಗಾಳಿಯನ್ನು ಒತ್ತಿ ಇಂಜಿನಿಗೆ ತುಂಬುತ್ತದೆ. ಪೈಪಿನ ಜಾಯಿಂಟ್ ಸೋರಿದರೆ ಸ್ಪ್ರಿಂಕ್ಲರ್ ತಿರುಗೋದಿಲ್ಲವಲ್ಲ, ಇದೂ ಹಾಗೇ. ಹೊಗೆ ದಾರಿಯಲ್ಲೇ ಸೋರಿದರೆ ಚಕ್ರಕ್ಕೆ ರಭಸ ಸಿಗದು. ಗಾಳಿ ಕಡಿಮೆಯಾಗಿ ಡೀಸೆಲ್ ಪೂರ್ತಿ ಉರಿಯದೆ ಕರಿ ಹೊಗೆಯಾಗಿ ಹೋಗುತ್ತದೆ. ಬಲವೂ ಅದರ ಜೊತೆಗೇ ಹೋಯಿತು.

ಹಾಗಾಗಿ ನಾವು ಹುಡುಕಿದ್ದು ಈ ಕ್ರಮದಲ್ಲಿ:

ಒಂದು, ಮಸಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವಲ್ಲಿ, ಟರ್ಬೊಗೆ ಕೂಡುವಲ್ಲಿ ಟಾರ್ಚ್ ಬಿಟ್ಟು ನೋಡಿ. ಸೋರುವ ಕಡೆ ಕರಿ ಗೆರೆ ಬಿದ್ದಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ 'ಚುಸ್ ಚುಸ್' ಸದ್ದೂ ಕೇಳಬಹುದು. ಕಾದ ಮೇಲೆ ಬೀಡು ಹಿಗ್ಗಿ ಸದ್ದು ಅಡಗುವುದುಂಟು.

ಎರಡು, ಗಾಳಿ ಹೋಗುವ ಹೋಸ್ ಪೈಪುಗಳು. ಮ್ಯಾನಿಫೋಲ್ಡ್ ಬದಲಿಸುವಾಗ ಇವನ್ನೂ ಬಿಚ್ಚಿರುತ್ತಾರೆ. ಕ್ಲಿಪ್ಪು ಸಡಿಲವೇ, ಪೈಪು ಸೀಳಿದೆಯೇ, ಒಳಗೆ ಬಟ್ಟೆ ಉಳಿದಿದೆಯೇ ನೋಡಿ. ಏರ್ ಫಿಲ್ಟರ್ ಕಟ್ಟಿದರೂ ಇದೇ ಲಕ್ಷಣ.

ಮೂರು, ಕೆಲವು ಇಂಜಿನ್ನುಗಳಲ್ಲಿ ಡೀಸೆಲ್ ಪಂಪಿನ ತಲೆಗೆ ಬರುವ ಸಣ್ಣ ಗಾಳಿ ನಳಿಗೆ. ಅದು ಕಳಚಿದರೆ ಪಂಪು ಡೀಸೆಲ್ಲನ್ನೇ ಕಡಿಮೆ ಕೊಡುತ್ತದೆ. ಆಗ ಬಲವೂ ಇಲ್ಲ, ಕರಿ ಹೊಗೆಯೂ ಇಲ್ಲ. ಡೀಸೆಲ್ ಫಿಲ್ಟರ್ ಕಟ್ಟಿದರೂ ಹಾಗೇ.

ನಾಲ್ಕು, ಟರ್ಬೊ. ಒಡೆದ ಬೀಡಿನ ಚೂರು ಒಳಗೆ ಹೋಗಿ ಚಕ್ರದ ರೆಕ್ಕೆ ಮುರಿದಿರಬಹುದು. ಇಂಜಿನ್ ಆಫ್ ಮಾಡಿ, ಪೂರ್ತಿ ತಣಿದ ಮೇಲೆ ಪೈಪು ತೆಗೆದು ಬೆರಳಿನಲ್ಲಿ ತಿರುಗಿಸಿ. ಸರಾಗ ತಿರುಗಬೇಕು, ಗೋಡೆಗೆ ತಾಗಬಾರದು. ಓಡುವಾಗ ಇದು ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಚಕ್ರ. ಇಂಜಿನ್ ಓಡುತ್ತಿರುವಾಗ ಕೈ ಹಾಕಲೇಬೇಡಿ.

ನಮಗೆ ಮೊದಲನೆಯದರಲ್ಲೇ ಸಿಕ್ಕಿತು. ಮೂರನೇ ಸಿಲಿಂಡರಿನ ಬಾಯಲ್ಲಿ ಮಸಿ. ಬಿಚ್ಚಿದರೆ, ಹಳೇ ಪ್ಯಾಕಿಂಗಿನ ಚೂರು ಹೆಡ್ಡಿಗೇ ಅಂಟಿಕೊಂಡಿತ್ತು. ಅದರ ಮೇಲೇ ಹೊಸದು ಕೂರಿಸಿದ್ದರು. ಕೆರೆದು ಒರೆಸಿ, ಮ್ಯಾನಿಫೋಲ್ಡಿನ ಮುಖಕ್ಕೆ ನೇರ ಪಟ್ಟಿ ಇಟ್ಟು ಸೊಟ್ಟ ಇಲ್ಲವೆಂದು ನೋಡಿದೆವು. ಸೊಟ್ಟವಿದ್ದರೆ ಮಟ್ಟ ಮಾಡಿಸಬೇಕು. ಬಳಸಿದ ಪ್ಯಾಕಿಂಗ್ ಮತ್ತೆ ಹಾಕದೆ ಹೊಸದೇ ತಂದೆವು. ನಟ್ಟುಗಳನ್ನು ನಡುವಿನಿಂದ ಎರಡೂ ತುದಿಗೆ ಸ್ವಲ್ಪ ಸ್ವಲ್ಪವೇ ಬಿಗಿದೆವು. ಖರ್ಚು ಒಂದು ಪ್ಯಾಕಿಂಗಿನದು, ಅರ್ಧ ದಿನದ ಕೂಲಿಯದು. ಹದ ಆರುವ ಮೊದಲೇ ಶೇಂಗಾ ಮಣ್ಣು ಸೇರಿತು.

2023ರ ಜನವರಿಯಿಂದ 50 ಎಚ್.ಪಿ.ಗೂ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿದೆ. ಅವುಗಳಲ್ಲಿ ಸೆನ್ಸರ್, ವೈರಿಂಗ್ ಹೆಚ್ಚು. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದ್ದರೆ ಕಂಪ್ಯೂಟರಿನಲ್ಲಿ ಓದಿಸಿಕೊಳ್ಳಿ. ಆದರೆ ಮಸಿ, ಕ್ಲಿಪ್ಪು ನೋಡೋದನ್ನು ಅಲ್ಲೂ ಬಿಡಬೇಡಿ.

ಇನ್ನು, ಕಾದ ಬೀಡಿಗೆ ತಣ್ಣೀರು ಎರಚಬಾರದು, ಸೀಳುತ್ತದೆ. ಭಾರದ ಕೆಲಸ ಮುಗಿದ ಕೂಡಲೇ ಇಂಜಿನ್ ಆರಿಸದೆ ಎರಡು ಮೂರು ನಿಮಿಷ ನಿಧಾನವಾಗಿ ಓಡಲು ಬಿಡಿ. ಟರ್ಬೊ ತಣಿಯಲು ಅಷ್ಟು ಸಾಕು.