ಟಂಗ್‌ಸ್ಟನ್ ತಂತು ಮತ್ತು ಅದರ ಪೇಟೆಂಟ್ ವ್ಯಾಜ್ಯ

ಎರಡು ವಸ್ತುಗಳು ಹೊರನೋಟಕ್ಕೆ ಒಂದೇ ಆಗಿದ್ದರೂ ಅವು ರೂಪುಗೊಂಡ ಬಗೆ ಬೇರೆ ಬೇರೆಯಾಗಿರಬಹುದು. ಹಾಗಾದರೆ ಶೋಧಕನ ಹಕ್ಕು ವಸ್ತುವಿನ ಮೇಲೋ, ಅದನ್ನು ತಯಾರಿಸಿದ ವಿಧಾನದ ಮೇಲೋ? ಈ ಪ್ರಶ್ನೆಯನ್ನು ಅರಿಯಲು ಟಂಗ್‌ಸ್ಟನ್ ತಂತುವಿನ ಕಥೆಗಿಂತ ಉತ್ತಮ ನಿದರ್ಶನ ವಿರಳ. ಎಲ್.ಇ.ಡಿ. ದೀಪಗಳು ಬರುವವರೆಗೆ ನಮ್ಮ ಮನೆಗಳನ್ನು ಬೆಳಗಿದ ವಿದ್ಯುದ್ದೀಪದ ಬುರುಡೆಯೊಳಗಿನ ಸೂಕ್ಷ್ಮ ತಂತಿಯೇ ಇದು.

ಟಂಗ್‌ಸ್ಟನ್ನಿನ ದ್ರವನಬಿಂದು ಸುಮಾರು 3,400 ಡಿಗ್ರಿ ಸೆಲ್ಸಿಯಸ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕರಗಿಸಿ ಎರಕ ಹೊಯ್ಯಲು ತಕ್ಕ ಮೂಸೆಯಿರಲಿಲ್ಲ. ಆದ್ದರಿಂದ ಪುಡಿಯ ಮಾರ್ಗವೇ ಗತಿಯಾಯಿತು. ಲೋಹದ ಪುಡಿಯನ್ನು ಒತ್ತಿ, ಕರಗುವ ಹಂತಕ್ಕಿಂತ ಕೆಳಗೆ ತೀವ್ರವಾಗಿ ಕಾಯಿಸಿದರೆ, ಕಣಗಳು ಪರಸ್ಪರ ಬೆಸೆದುಕೊಂಡು ಗಟ್ಟಿಯಾಗುತ್ತವೆ. ಕುಂಬಾರನ ಆವಿಗೆಯಲ್ಲಿ ಮಡಕೆಯು ಕರಗಿಹೋಗದೆಯೇ ಗಟ್ಟಿಯಾಗುವುದನ್ನು ಇಲ್ಲಿ ನೆನೆಯಬಹುದು. ಈ ಕ್ರಿಯೆಗೆ ಸಿಂಟರಿಂಗ್ ಎಂದು ಹೆಸರು.

ಮೊದಲಿನ ವಿಧಾನಗಳಲ್ಲೊಂದು ಹೀಗಿತ್ತು. ಟಂಗ್‌ಸ್ಟನ್ ಪುಡಿಗೆ ಅಂಟುದ್ರವ್ಯ ಬೆರೆಸಿ ಕಣಕದಂತೆ ಮಾಡಿ, ಶಾವಿಗೆ ಒತ್ತುವಂತೆ ಸೂಕ್ಷ್ಮರಂಧ್ರದ ಮೂಲಕ ಎಳೆಗಳಾಗಿ ಹೊರಡಿಸುತ್ತಿದ್ದರು. ಬಳಿಕ ಅಂಟಿನ ಇಂಗಾಲವನ್ನು ಕಳೆದು, ಎಳೆಯ ಮೂಲಕ ವಿದ್ಯುತ್ತನ್ನು ಹಾಯಿಸಿ ಕಣಗಳನ್ನು ಬೆಸೆಯುತ್ತಿದ್ದರು. ಇಂತಹ ತಂತು ಪ್ರಕಾಶಮಾನವಾಗಿ ಬೆಳಗುತ್ತಿತ್ತು. ಆದರೆ ಬಹಳ ಪೆಡಸು. ಸ್ವಲ್ಪ ಅಲುಗಾಟಕ್ಕೂ ಮುರಿಯುತ್ತಿತ್ತು. ಟಂಗ್‌ಸ್ಟನ್ ತಂತುವಿಗಾಗಿ 1904ರಲ್ಲಿ ಹಂಗೇರಿಯಲ್ಲಿ ಪೇಟೆಂಟ್ ಪಡೆದವರು ಯುಸ್ಟ್ ಮತ್ತು ಹನಾಮಾನ್. ಅವರ ಅಮೆರಿಕದ ಪೇಟೆಂಟು 1912ರಲ್ಲಿ ದೊರೆಯಿತು.

ಅಮೆರಿಕದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಸಂಶೋಧನಾಲಯವನ್ನು 1905ರಲ್ಲಿ ಸೇರಿದ ವಿಲಿಯಂ ಕೂಲಿಡ್ಜ್ ಎಂಬ ವಿಜ್ಞಾನಿಯು ಹಲವು ವರ್ಷಗಳ ಪ್ರಯೋಗಗಳ ತರುವಾಯ ಬೇರೊಂದು ಹಾದಿಯನ್ನು ಕಂಡುಕೊಂಡನು. ಅವನು ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸಣ್ಣ ಸರಳನ್ನಾಗಿ ಮಾಡಿ, ಜಲಜನಕದ ಆವರಣದಲ್ಲಿ ವಿದ್ಯುತ್ತಿನಿಂದ ಕಾಯಿಸಿ ಬೆಸೆದನು. ಇಲ್ಲಿಯವರೆಗೆ ಎರಡು ಹಾದಿಗಳೂ ಒಂದೇ ತತ್ತ್ವವನ್ನು ಅನುಸರಿಸಿದವು. ಬಳಿಕ ಅವನು ಆ ಸರಳನ್ನು ಕೆಂಪಗೆ ಕಾದಿರುವಾಗಲೇ ಮತ್ತೆ ಮತ್ತೆ ಬಡಿದು ತೆಳುಗೊಳಿಸಿ, ವಜ್ರದಲ್ಲಿ ಕೊರೆದ ರಂಧ್ರಗಳ ಮೂಲಕ ಎಳೆದನು. ಹೀಗೆ ಪಡೆದ ತಂತಿಯು ತಣ್ಣಗಿರುವಾಗಲೂ ಬಾಗಿದರೆ ಮುರಿಯಲಿಲ್ಲ.

ಇಲ್ಲೊಂದು ವಿಸ್ಮಯವಿದೆ. ಅಕ್ಕಸಾಲಿಗನು ಕಂಬಚ್ಚಿನಲ್ಲಿ ಎಳೆದ ಚಿನ್ನದ ತಂತಿ ಎಳೆದಷ್ಟೂ ಬಿರುಸಾಗುತ್ತದೆ; ಕಾಯಿಸಿದರೆ ಮತ್ತೆ ಮೃದುವಾಗುತ್ತದೆ. ಟಂಗ್‌ಸ್ಟನ್ನಿನ ನಡೆ ಇದಕ್ಕೆ ವಿರುದ್ಧವಾದುದು. ತಕ್ಕ ಉಷ್ಣತೆಯಲ್ಲಿ ಬಡಿದು ಎಳೆದಂತೆಲ್ಲ ಅದು ತನ್ಯತೆಯನ್ನು ಪಡೆಯುತ್ತದೆ. ಅತಿಯಾಗಿ ಕಾಯಿಸಿದರೆ ಮರಳಿ ಪೆಡಸಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾರಣ ತಿಳಿಯುತ್ತದೆ. ಬೆಸೆದ ಸರಳಿನಲ್ಲಿ ಉರುಟಾಗಿದ್ದ ಹರಳುಕಣಗಳು ಎಳೆದ ತಂತಿಯಲ್ಲಿ ನಾರಿನಂತೆ ಉದ್ದವಾಗಿರುತ್ತವೆ.

ಕೂಲಿಡ್ಜನಿಗೆ 1913ರ ಡಿಸೆಂಬರ್ 30ರಂದು ಪೇಟೆಂಟ್ ದೊರೆಯಿತು. ಅದರಲ್ಲಿ ವಿಧಾನವಷ್ಟೇ ಅಲ್ಲದೆ ತನ್ಯ ಟಂಗ್‌ಸ್ಟನ್ ಎಂಬ ವಸ್ತುವಿಗೂ ಹಕ್ಕು ಕೇಳಲಾಗಿತ್ತು. ಮುಂದೆ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಡಿ ಫಾರೆಸ್ಟ್ ರೇಡಿಯೋ ಕಂಪೆನಿಯ ಮೇಲೆ ದಾವೆ ಹೂಡಿದಾಗ, 1928ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು ಈ ಪೇಟೆಂಟು ಊರ್ಜಿತವಲ್ಲವೆಂದು ತೀರ್ಪಿತ್ತಿತು. ಶುದ್ಧ ಟಂಗ್‌ಸ್ಟನ್ನನ್ನು ಕೂಲಿಡ್ಜನು ಸೃಷ್ಟಿಸಲಿಲ್ಲ, ಅದರ ಗುಣಗಳನ್ನೂ ಸೃಷ್ಟಿಸಲಿಲ್ಲ. ಪ್ರಕೃತಿಯಲ್ಲಿದ್ದುದನ್ನು ಕಂಡುಹಿಡಿದನು ಎಂಬುದು ನ್ಯಾಯಾಲಯವು ವಸ್ತುವಿನ ಹಕ್ಕನ್ನು ನಿರಾಕರಿಸಿದ ಕಾರಣ.

ಈ ತರ್ಕವು ಚಿಂತನೆಗೆ ಅರ್ಹವಾದುದು. ಪ್ರಕೃತಿಯ ಗುಣವನ್ನು ಒಬ್ಬನು ಮೊದಲು ಕಂಡನೆಂಬ ಮಾತ್ರಕ್ಕೆ ಅದು ಅವನ ಸ್ವತ್ತಾಗಲಾರದು, ಇದು ನ್ಯಾಯವೇ. ಆದರೆ ಬೆಸೆದ ಸರಳಿನಲ್ಲಿ ಇಲ್ಲದ ತನ್ಯತೆಯು ಬಡಿತದಿಂದ, ಎಳೆತದಿಂದ ಒದಗಿತಲ್ಲವೆ? ನಾರಿನಂತಹ ಆ ರಚನೆಯನ್ನು ಪ್ರಕೃತಿಯು ತಾನಾಗಿ ನಿರ್ಮಿಸಿಕೊಡಲಿಲ್ಲ. ಕಾಣುವುದು ಎಲ್ಲಿ ಮುಗಿಯಿತು, ಮಾಡುವುದು ಎಲ್ಲಿ ಆರಂಭವಾಯಿತು ಎಂಬ ಗೆರೆಯನ್ನು ಎಳೆಯುವುದು ಸುಲಭವಲ್ಲ. ಆದುದರಿಂದಲೇ ಇಂತಹ ವ್ಯಾಜ್ಯದಲ್ಲಿ ಪುಡಿಯ ಶುದ್ಧಿ, ಒತ್ತಡ, ಉಷ್ಣತೆ, ಆವರಣದ ಅನಿಲ, ಬಳಿಕದ ಸಂಸ್ಕಾರ ಇವುಗಳನ್ನು ಹಂತಹಂತವಾಗಿ ಹೋಲಿಸಿ, ಯಾವ ಹಂತದಿಂದ ಯಾವ ಗುಣ ಬಂದಿತೆಂದು ವಿಚಾರಿಸಬೇಕಾಗುತ್ತದೆ.

ನಮ್ಮ ದೇಶದ ಕಾನೂನೂ ಈ ಪ್ರಶ್ನೆಯನ್ನು ಎದುರಿಸಿದೆ. 1970ರ ಪೇಟೆಂಟ್ ಅಧಿನಿಯಮವು ಮಿಶ್ರಲೋಹಗಳೂ ಸೇರಿದಂತೆ ರಾಸಾಯನಿಕ ಕ್ರಿಯೆಗಳಿಂದ ದೊರೆಯುವ ವಸ್ತುಗಳಿಗೆ ಹಕ್ಕು ನೀಡದೆ, ಅವುಗಳ ತಯಾರಿಕಾ ವಿಧಾನಕ್ಕೆ ಮಾತ್ರ ನೀಡುತ್ತಿತ್ತು. 2005ರಲ್ಲಿ ಆ ನಿರ್ಬಂಧವನ್ನು ತೆಗೆಯಲಾಯಿತು. ಪರರ ಕಾರ್ಖಾನೆಯೊಳಗಿನ ವಿಧಾನವನ್ನು ಹೊರಗಿನವನು ರುಜುವಾತುಪಡಿಸುವುದು ದುಸ್ಸಾಧ್ಯ. ಇದನ್ನರಿತು 2002ರ ತಿದ್ದುಪಡಿಯು, ವಸ್ತುಗಳು ಒಂದೇ ಎಂದು ವಾದಿಯು ತೋರಿಸಿದ ಬಳಿಕ, ಕೆಲವು ಸಂದರ್ಭಗಳಲ್ಲಿ ತನ್ನ ವಿಧಾನ ಬೇರೆಯೆಂದು ಸಿದ್ಧಪಡಿಸುವ ಹೊಣೆಯನ್ನು ಪ್ರತಿವಾದಿಯ ಮೇಲೆ ಹೊರಿಸಲು ನ್ಯಾಯಾಲಯಕ್ಕೆ ಅವಕಾಶವಿತ್ತಿತು.

ವಿಜ್ಞಾನದ ವಿದ್ಯಾರ್ಥಿಗಳು ಇದರಿಂದ ಗ್ರಹಿಸಬೇಕಾದುದು ಇಷ್ಟೆ. ಪ್ರಯೋಗದ ಫಲವನ್ನಷ್ಟೇ ಬರೆದಿಟ್ಟರೆ ಸಾಲದು. ಆ ಫಲಕ್ಕೆ ಒಯ್ದ ಪ್ರತಿಯೊಂದು ಹೆಜ್ಜೆಯನ್ನೂ ಅದರ ಕಾರಣವನ್ನೂ ದಾಖಲಿಸಬೇಕು. ಕೂಲಿಡ್ಜನ ಪೇಟೆಂಟು ಉಳಿಯಲಿಲ್ಲ. ಆದರೆ ಅವನು ತೋರಿಸಿದ ಹಾದಿಯಲ್ಲಿ ತಯಾರಾದ ತಂತಿಯು ದಶಕಗಳ ಕಾಲ ಲೋಕವನ್ನು ಬೆಳಗಿತು.