ಪದವಿಯ ಋಣ

ದೇಶದೇಶಗಳ ಆಯವ್ಯಯವನ್ನು ಅರಿತ ರಾಜ್ಯಶಾಸ್ತ್ರದ ವಿದ್ಯಾರ್ಥಿ ತನ್ನ ಆಯವ್ಯಯವನ್ನು ನೋಡಿಕೊಳ್ಳುವುದು ಅನೇಕ ವೇಳೆ ಪದವಿ ಕೈಸೇರಿದ ಮೇಲೆ. ಅಮೆರಿಕದಲ್ಲಂತೂ ಈ ವಿಳಂಬಕ್ಕೆ ತೆರಬೇಕಾದ ದಂಡ ದೊಡ್ಡದು.

ಅಲ್ಲಿಯ ಕೇಂದ್ರ ಸರಕಾರ ವಿದ್ಯಾರ್ಥಿಗಳಿಗೆ ಸಾಲ ಕೊಡಲಾರಂಭಿಸಿದ್ದು 1958ರ ಕಾನೂನಿನಿಂದ. ನೂರಕ್ಕೆ 5ರ ಬಡ್ಡಿಯಂತೆ 25,000 ಡಾಲರು ಸಾಲ ಪಡೆದವರು ಅದನ್ನು 10 ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 265 ಡಾಲರು ಕಟ್ಟಬೇಕು. ಬಡ್ಡಿಯೇ 6,800 ಡಾಲರಾಗುತ್ತದೆ. ಕಂತು ನಿಶ್ಚಿತ, ಸಂಬಳ ಅನಿಶ್ಚಿತ. ಇಂಜಿನಿಯರಿಗಿರುವಂತೆ ರಾಜ್ಯಶಾಸ್ತ್ರದ ಪದವೀಧರರಿಗೆ ಇಂಥದೇ ಎಂಬ ಉದ್ಯೋಗವಿಲ್ಲ. ವಕೀಲರಾಗಬೇಕೆಂದರೆ ಇನ್ನೂ 3 ವರ್ಷಗಳ ಓದು, ಅದಕ್ಕೆ ಮತ್ತೊಂದು ಸಾಲ.

ಸರಕಾರಿ ಸೇವೆ ಹಿಡಿದವರಿಗೆ ಒಂದು ಆಸರೆಯುಂಟು. ಆದಾಯಕ್ಕೆ ತಕ್ಕಂತೆ 120 ಕಂತುಗಳನ್ನು ಕಟ್ಟಿದರೆ ಉಳಿದ ಸಾಲವನ್ನು ಮನ್ನಾ ಮಾಡುವ ಏರ್ಪಾಡನ್ನು 2007ರ ಕಾನೂನು ತಂದಿತು. ಆದರೆ ಆ 10 ವರ್ಷಗಳ ಕಾಲ ತಾಳ್ಮೆ ಬೇಕು.

ಹಾಗೆಂದು ಮೆಚ್ಚಿದ ವಿಷಯವನ್ನೇ ತೊರೆಯಬೇಕೆ? ಬೇಕಾಗಿಲ್ಲ. ಸ್ವಂತ ರಾಜ್ಯದ ಸರಕಾರಿ ವಿಶ್ವವಿದ್ಯಾಲಯದಲ್ಲಿ ಅಲ್ಲಿಯ ನಿವಾಸಿಗಳಿಗೆ ಶುಲ್ಕ ಕಡಿಮೆ. ಪದವೀಧರರ ಸಾಲವನ್ನೂ ಸಂಪಾದನೆಯನ್ನೂ ಕಾಲೇಜುವಾರು ತಿಳಿಸುವ ಸರಕಾರಿ ಪಟ್ಟಿಯೊಂದು 2015ರಿಂದ ಎಲ್ಲರಿಗೂ ದೊರೆಯುತ್ತಿದೆ. ಒಟ್ಟು ಸಾಲವು ಮೊದಲ ವರ್ಷದ ಸಂಬಳವನ್ನು ಮೀರದಿರಲೆಂದು ಅಲ್ಲಿಯ ತಿಳಿದವರು ಹೇಳುತ್ತಾರೆ. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ ಅಲ್ಲವೆ?